ಒಂದು ಸಲೈನ್ ಬಾಟಲಿ, ಮೂರು ಪಾಠ

ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ನೀಟ್ ತಯಾರಿ ಶುರುವಾದ ಕೂಡಲೇ ಮಕ್ಕಳು ಒಂದು ಲೆಕ್ಕ ಹಾಕುತ್ತಾರೆ. 720 ಅಂಕದಲ್ಲಿ 360 ಬಯಾಲಜಿಗೆ, ಅದನ್ನು ಬಾಯಿಪಾಠ ಮಾಡೋಣ. ಫಿಸಿಕ್ಸ್, ಕೆಮಿಸ್ಟ್ರಿಗೆ ತಲಾ 180, ಅವಕ್ಕೆ ಸೂತ್ರ ನೆನಪಿದ್ದರೆ ಸಾಕು. ಮೂರಕ್ಕೂ ಬೇರೆ ಬೇರೆ ನೋಟ್ಸು, ಬೇರೆ ಬೇರೆ ಟ್ಯೂಷನ್ನು. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ದಾಟುವುದೇ ಇಲ್ಲ. ನನಗೆ ಸಂಕಟವಾಗುವುದು ಇಲ್ಲೇ.

ಅದಕ್ಕೇ ಮೊದಲ ವಾರ ಒಂದು ಖಾಲಿ ಸಲೈನ್ ಬಾಟಲಿ ಹಿಡಿದು ಕ್ಲಾಸಿಗೆ ಹೋಗುತ್ತೇನೆ. ಲೇಬಲ್ ಓದಿಸುತ್ತೇನೆ: ಸೋಡಿಯಂ ಕ್ಲೋರೈಡ್ 0.9%. ಅಂದರೆ ಲೀಟರಿಗೆ 9 ಗ್ರಾಂ ಉಪ್ಪು. ಅಷ್ಟೇ ಯಾಕೆ? ಸುಮ್ನೆ ಶುದ್ಧ ನೀರು ಹಾಕಿದರೆ ಆಗಲ್ವಾ?

ಆಗಲ್ಲ. ನೀರು ಕೆಂಪು ರಕ್ತಕಣದೊಳಗೆ ನುಗ್ಗಿ, ಕಣ ಉಬ್ಬಿ ಒಡೆಯುತ್ತದೆ. ಉಪ್ಪು ಜಾಸ್ತಿಯಾದರೆ ಒಳಗಿನ ನೀರು ಹೊರಗೆ ಬರುತ್ತದೆ. ಉಪ್ಪು ಬೆರೆಸಿಟ್ಟ ಮಾವಿನ ಹೋಳು ಮಾರನೇ ದಿನ ನೀರು ಬಿಟ್ಟು ಸುಕ್ಕಾಗಿರುತ್ತದಲ್ಲ, ಹಾಗೆ. ಇಷ್ಟು ಬಯಾಲಜಿ.

ಈಗ ಪೆನ್ನು ಹಿಡಿಯಿರಿ. ಮೋಲ್ ಎಂದರೆ ಕಣಗಳನ್ನು ಎಣಿಸುವ ಅಳತೆ; ಒಂದು ಮೋಲ್ ಉಪ್ಪು 58.5 ಗ್ರಾಂ ತೂಗುತ್ತದೆ. 9 ಗ್ರಾಂ ಅನ್ನು 58.5ರಿಂದ ಭಾಗಿಸಿದರೆ 0.154 ಮೋಲ್. ಅರ್ಧ ಕ್ಲಾಸು ಇಲ್ಲೇ ನಿಲ್ಲುತ್ತದೆ. ಆದರೆ ಉಪ್ಪು ನೀರಿನಲ್ಲಿ ಸೋಡಿಯಂ, ಕ್ಲೋರೈಡ್ ಎಂದು ಎರಡು ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಇರುವ ಎರಡು ಕಣಗಳಾಗಿ, ಒಡೆಯುತ್ತದೆ. ಹಾಗಾಗಿ ಕಣಗಳ ಲೆಕ್ಕ 0.308 ಮೋಲ್. ರಕ್ತದಲ್ಲಿ ಕರಗಿರುವ ಕಣಗಳೂ ಲೀಟರಿಗೆ ಸುಮಾರು 0.3 ಮೋಲ್! ಎರಡೂ ಕಡೆ ಸಮ, ರಕ್ತಕಣ ಕ್ಷೇಮ. ದೇಹದ ಬಿಸಿ 310 ಕೆಲ್ವಿನ್ ಎಂದು ಹಾಕಿದರೆ ಆಸ್ಮೋಟಿಕ್ ಒತ್ತಡ (ಪೊರೆಯ ಮೂಲಕ ನೀರನ್ನು ಎಳೆಯುವ ಒತ್ತಡ) ಸುಮಾರು 7.8 ಅಟ್ಮಾಸ್ಫಿಯರ್ ಬರುತ್ತದೆ. 310ರ ಬದಲು 37 ಹಾಕುವವರು ಪ್ರತಿ ವರ್ಷ ಇರುತ್ತಾರೆ. ಅಯಾನು ಎರಡು ಎಂದು ಎರಡರಿಂದ ಗುಣಿಸಲು ಮರೆತವರಿಗೆ ಅರ್ಧ ಉತ್ತರ ಬರುತ್ತದೆ, ಅದೂ ಆಯ್ಕೆಗಳಲ್ಲಿ ಇರಬಹುದು. ನೀಟ್‌ನಲ್ಲಿ ಹಾಗೆ ತಪ್ಪಿದರೆ 4 ಅಂಕ ಬರುವುದಿಲ್ಲ, ಮೇಲೆ 1 ಅಂಕ ಕಡಿತ. ಸಿಇಟಿಯಲ್ಲಿ ಕಡಿತ ಇಲ್ಲ, ಆದರೂ ಸಿಗಬೇಕಾದ ಅಂಕ ಹೋಯಿತಲ್ಲ.

ಇನ್ನು ಬಾಟಲಿಯನ್ನು ಎತ್ತರದಲ್ಲಿ ತೂಗುಹಾಕುವುದು ಯಾಕೆ? ಕೈಯಿಂದ ಒಂದು ಮೀಟರ್ ಮೇಲಿದ್ದರೆ ನೀರಿನ ಕಂಬದ ಒತ್ತಡ ಸುಮಾರು 10,000 ಪ್ಯಾಸ್ಕಲ್, ಅಂದರೆ 75 ಮಿಲಿಮೀಟರ್ ಪಾದರಸದಷ್ಟು. ಅಭಿಧಮನಿಯ ಒತ್ತಡ ಅದಕ್ಕಿಂತ ಬಹಳ ಕಡಿಮೆ, ಅದಕ್ಕೇ ದ್ರವ ಒಳಗಿಳಿಯುತ್ತದೆ. ಕೆಳಗಿಟ್ಟರೆ ರಕ್ತ ಟ್ಯೂಬಿಗೆ ಹಿಂದೆ ಬರುತ್ತದೆ. ಆಸ್ಪತ್ರೆಯಲ್ಲಿ ಅಜ್ಜಿಯ ಪಕ್ಕ ಕೂತಿದ್ದ ಮಕ್ಕಳು ಇದನ್ನು ಕಣ್ಣಾರೆ ನೋಡಿರುತ್ತಾರೆ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: 'ಸರ್, ಹಾಗಾದ್ರೆ ಗ್ಲೂಕೋಸ್ ಬಾಟಲಿ ಮೇಲೆ 5% ಅಂತ ಯಾಕಿರುತ್ತೆ? ಅದು ಜಾಸ್ತಿ ಆಗಲ್ವಾ?' ಚಾಕ್‌ಪೀಸನ್ನು ಅವಳ ಕೈಗೇ ಕೊಟ್ಟೆ. ಲೀಟರಿಗೆ 50 ಗ್ರಾಂ, ಒಂದು ಮೋಲ್ ಗ್ಲೂಕೋಸ್ 180 ಗ್ರಾಂ, ಭಾಗಿಸು. ಬೋರ್ಡಿನ ಮೇಲೆ 0.278 ಬರೆದಳು. ಎರಡರಿಂದ ಗುಣಿಸಲು ಕೈ ಎತ್ತಿದವಳು ಅರೆಕ್ಷಣ ತಡೆದಳು. 'ಗ್ಲೂಕೋಸ್ ಒಡೆಯಲ್ಲ ಅಲ್ವಾ ಸರ್' ಎಂದು ಅಷ್ಟಕ್ಕೇ ಗೆರೆ ಎಳೆದಳು.