ಮಾಟ ಮಾಡಿದಾನೆ ಅಂತ ಕೇಸ್ ಬಿದ್ರೆ ರೋಮನ್ ಕೋರ್ಟಲ್ಲಿ ಏನಂತ ವಾದ ಮಾಡ್ತಿದ್ರು?

ಮದ್ದು ಹಾಕಿದಾರೆ ಅಂತೀವಲ್ಲ, ವಾಸಿ ಮಾಡೋದಕ್ಕೂ ಮದ್ದು ಅಂತೀವಿ, ಹಾಳು ಮಾಡೋದಕ್ಕೂ ಮದ್ದೇ. ಲ್ಯಾಟಿನ್ನಿನ ವೆನೆಫೀಕಿಯುಂ ಪದಾನೂ ಹೆಚ್ಚುಕಮ್ಮಿ ಹಾಗೇ, ವಿಷ ಇಕ್ಕೋದೂ ಅದೇ ಮಾಟ ಮಾಡೋದೂ ಅದೇ. ಕ್ರಿ.ಪೂ. 81ರಲ್ಲಿ ರೋಮಿನ ಸರ್ವಾಧಿಕಾರಿ ಸುಲ್ಲಾ ತಂದ ಕೊಲೆ-ವಿಷದ ಕಾನೂನಿನೊಳಗೇ ಮುಂದೆ ಮಾಟದ ಕೇಸುಗಳೂ ಬಂದು ಸೇರ್ಕೊಂಡ್ವು.

ಅದಕ್ಕೂ ಮುಂಚೆ, ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳ ಕಾನೂನಲ್ಲೇ ಮಂತ್ರ ಹಾಕಿ ಪಕ್ಕದವನ ಬೆಳೆ ಎಳ್ಕೊಳ್ಳೋದು ಅಪರಾಧ. ಫ್ಯೂರಿಯಸ್ ಕ್ರೆಸಿಮಸ್ ಅನ್ನೋ ಬಿಡುಗಡೆಯಾದ ಗುಲಾಮನ ಮೇಲೆ ಇದೇ ಆರೋಪ ಬಂತು, ಯಾಕಂದ್ರೆ ಅವನ ಚಿಕ್ಕ ಹೊಲ ಅಕ್ಕಪಕ್ಕದ ದೊಡ್ಡ ಜಮೀನುಗಳಿಗಿಂತ ಜಾಸ್ತಿ ಬೆಳೀತಿತ್ತು. ಅವನು ಗುದ್ದಲಿ, ನೇಗಿಲು, ಮೇದು ಕೊಬ್ಬಿದ ಎತ್ತು, ಮನೆ ಆಳುಗಳನ್ನೆಲ್ಲಾ ಕರ್ಕೊಂಬಂದು ಇದೇ ನನ್ನ ಮಾಟ, ನಿದ್ದೆಗೆಟ್ಟಿದ್ದು ಬೆವರು ಹರಿಸಿದ್ದು ಮಾತ್ರ ಇಲ್ಲಿ ತಂದು ತೋರ್ಸೋಕಾಗಲ್ಲ ಅಂದ. ಒಂದೇ ದನಿಯಲ್ಲಿ ಬಿಡುಗಡೆ ಆಯ್ತು.

ಪೂರ್ತಿಯಾಗಿ ಉಳಿದಿರೋ ವಾದ ಅಂದ್ರೆ ಲ್ಯಾಟಿನ್ ಲೇಖಕ, ತತ್ವಜ್ಞಾನಿ ಅಪುಲಿಯಸ್‌ದು, ಕ್ರಿ.ಶ. 158-159, ಈಗಿನ ಲಿಬಿಯಾದ ಸಬ್ರಾತಾದಲ್ಲಿ, ಗವರ್ನರ್ ಕ್ಲಾಡಿಯಸ್ ಮ್ಯಾಕ್ಸಿಮಸ್ ಮುಂದೆ. ಓಯಾ ಊರಿನ ಶ್ರೀಮಂತ ವಿಧವೆ ಪುಡೆಂಟಿಲಾಳನ್ನ ಮದುವೆ ಆಗಿದ್ದ, ಅವಳ ದೊಡ್ಡ ಮಗ ಪಾಂಟಿಯಾನಸ್ ಇವನ ಗೆಳೆಯ, ಮದುವೆ ಪ್ರಸ್ತಾಪ ಮಾಡಿದ್ದೇ ಅವನು. ಆ ಮಗ ತೀರ್ಕೊಂಡ ಮೇಲೆ ಅವಳ ಸತ್ತ ಗಂಡನ ಕಡೆಯವರು ವಶೀಕರಣ ಅಂತ ಶುರು ಮಾಡಿದ್ರು. ಕನ್ನಡಿ ಇಟ್ಕೊಂಡಿದಾನೆ, ಮೀನು ತರಿಸ್ತಾನೆ, ಒಬ್ಬ ಹುಡುಗನ್ನ ಮಂತ್ರ ಹಾಕಿ ಬೀಳಿಸಿದ ಅಂತೆಲ್ಲಾ ಆರೋಪ. ಅದಕ್ಕೆ ಅಪುಲಿಯಸ್ ಮೀನು ಕುಯ್ದು ಅಧ್ಯಯನ ಮಾಡ್ತಿದ್ದೆ ಅಂದ, ಆ ಹುಡುಗನಿಗೆ ಮೂರ್ಛೆರೋಗ ಇತ್ತು ಅಂದ. ಅಪುಲಿಯಸ್ ಮಾಟಗಾರ ಅಂತ ಹೆಂಡ್ತಿನೇ ಬರೆದಿದಾಳೆ ಅಂತ ಪತ್ರದ ಒಂದು ತುಂಡು ಓದಿದ್ರು, ಇವನು ಪೂರ್ತಿ ಓದ್ಸಿದ, ನೋಡಿದ್ರೆ ಅವಳು ಆ ಮಾತು ಹಬ್ಬಿಸಿದವರನ್ನೇ ಬೈದಿದ್ಲು.

ಮಾಟ ಅನ್ನೋದೇ ಇಲ್ಲ ಅಂತ ಮಾತ್ರ ಅವನೆಲ್ಲೂ ಹೇಳಲ್ಲ, ಆ ಕೋರ್ಟಲ್ಲಿ ಹಾಗಂದಿದ್ರೆ ಯಾರೂ ನಂಬ್ತಿರಲಿಲ್ಲ ಅನ್ಸುತ್ತೆ. ಮಾಟ ಮಾಡಿ ನಂಗೇನು ಸಿಕ್ತು ಅಂತ ಕೇಳ್ತಾನೆ. ಅವಳ ಆಸ್ತಿ 40 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ), ವರದಕ್ಷಿಣೆ ಬರೀ 3 ಲಕ್ಷ, ಅದೂ ವಾಪಸ್ ಕೊಡೋ ಷರತ್ತಿನ ಮೇಲೆ. ಕೊನೆಗೆ ಪುಡೆಂಟಿಲಾಳ ಉಯಿಲು ಒಡೆದು ಓದಿದ್ರೆ ವಾರಸುದಾರ ಅವಳ ಚಿಕ್ಕ ಮಗ, ಯಾರ ಹೆಸರಲ್ಲಿ ಕೇಸ್ ಹಾಕಿದ್ರೋ ಅದೇ ಹುಡುಗ!

ಆಮೇಲೆ ಅಪುಲಿಯಸ್ ಕಾರ್ತೇಜಲ್ಲಿ ದೊಡ್ಡ ಭಾಷಣಕಾರ ಅಂತ ಗೌರವದಿಂದ ಬದುಕಿದ. ಆದ್ರೂ 250 ವರ್ಷ ಕಳೆದು ಸಂತ ಅಗಸ್ಟಿನ್ ಕಾಲಕ್ಕೂ ಜನ ಅವನನ್ನ ಪವಾಡ ಮಾಡೋ ಮಾಟಗಾರ ಅಂತಾನೇ ಮಾತಾಡ್ಕೊಳ್ತಿದ್ರು.