ಬಾವಿಲ್ಲದ ಉರಿಯೂತಕ್ಕೆ ನೋವಿನ ಗುಳಿಗೆ

ಕಳೆದ ವರ್ಷ ಶೀಗೆ ಹುಣ್ಣಿಮೆಯ ಹೊತ್ತಿಗೆ ಹಾವೇರಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಹುಬ್ಬಳ್ಳಿಯ ನನ್ನ ದವಾಖಾನೆಗೆ ಬಂದು, ರಕ್ತಪರೀಕ್ಷೆಯ ವರದಿಯ ಪಕ್ಕದಲ್ಲಿ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆಯ ಖಾಲಿ ಪಟ್ಟಿಯೊಂದನ್ನು ಇಟ್ಟರು. "ಮೈಯಾಗ ಉರಿಯೂತ ಇದ್ರ ಸಕ್ಕರಿ ಏರತೈತಿ, ಲಗೂ ಮುಪ್ಪು ಬರತೈತಿ ಅಂತ ಓದಿದ್ನಿರಿ ಡಾಕ್ಟರ್ರ, ಅದಕ್ಕ ದಿನಾ ಒಂದು ತಗೊಳ್ಳಾಕತ್ತೀನ್ರೀ" ಎಂದರು. ಓದಿದ ವಿಷಯದಲ್ಲಿ ಹುರುಳಿತ್ತು. ಆದರೆ ಮೂತ್ರಪಿಂಡದ ಕೆಲಸ ಕುಗ್ಗಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಆರು ತಿಂಗಳಲ್ಲಿ ಅವರಿಗೆ 1.1ರಿಂದ 1.7ಕ್ಕೆ ಏರಿತ್ತು.

ಇಂಥವರು ತಿಂಗಳಿಗೆ ನಾಲ್ಕೈದು ಮಂದಿಯಾದರೂ ಬರುತ್ತಾರೆ. ಎರಡು ಬೇರೆ ಸಂಗತಿಗಳಿಗೆ ಒಂದೇ ಹೆಸರಿಟ್ಟ ನಾವು ವೈದ್ಯರೂ ಇದಕ್ಕೆ ಹೊಣೆ. ಕಾಲಿಗೆ ಜಾಲಿಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಬಾತು ನೋಯುತ್ತದೆ. ಇದೊಂದು ಉರಿಯೂತ; ಕೆಲಸ ಮುಗಿದ ಮೇಲೆ ತಾನೇ ಇಳಿಯುತ್ತದೆ. ಆ ನೋವು, ಬಾವುಗಳಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ಪಾತ್ರ ದೊಡ್ಡದು, ನೋವಿನ ಗುಳಿಗೆ ಅವುಗಳ ಉತ್ಪಾದನೆಯನ್ನು ತಡೆಯುತ್ತದೆ. ಮಾಸ್ತರರು ಓದಿದ್ದು ಇನ್ನೊಂದರ ಬಗ್ಗೆ. ಅದಕ್ಕೆ ಬಾವೂ ಇಲ್ಲ, ನೋವೂ ಇಲ್ಲ; ಕುಳ್ಳಿನ ಬೆಂಕಿಯಂತೆ ವರ್ಷಗಟ್ಟಲೆ ಒಳಗೊಳಗೇ ಉರಿಯುತ್ತಿರುತ್ತದೆ. ಅದರ ಮುಖ್ಯ ನೆಲೆಗಳಲ್ಲಿ ಒಂದು ಕರುಳಿನ ಸುತ್ತ ಶೇಖರವಾಗುವ ಕೊಬ್ಬು. ಅಲ್ಲಿನ ಜೀವಕಣಗಳು ಅಳತೆ ಮೀರಿ ಉಬ್ಬಿ ಕೆಲವು ಸತ್ತಾಗ, ಅವನ್ನು ತೆಗೆಯಲು ಬಂದ ರಕ್ಷಣಾ ಕಣಗಳು ಅಲ್ಲಿಯೇ ಬೀಡುಬಿಟ್ಟು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮೊದಲಾದ, ಉರಿಯೂತ ಹೆಚ್ಚಿಸುವ ರಾಸಾಯನಿಕ ಸಂಕೇತಗಳನ್ನು ಹೊರಬಿಡುತ್ತಿರುತ್ತವೆ. ಕೊಬ್ಬಿನಿಂದ ಬರುವ ಟಿಎನ್‌ಎಫ್, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಬರುತ್ತದೆಂಬುದು 1993ರಲ್ಲಿಯೇ ಬೊಜ್ಜಿನ ಇಲಿಗಳಲ್ಲಿ ಕಂಡುಬಂದಿತ್ತು. ಏರಿದ ಸಕ್ಕರೆ ಮತ್ತೆ ಉರಿಯೂತವನ್ನು ಹೆಚ್ಚಿಸುತ್ತದೆ. ವಯಸ್ಸಾದಂತೆ, ವಿಭಜನೆ ನಿಲ್ಲಿಸಿಯೂ ಸಾಯದೆ ಉಳಿಯುವ ಕಣಗಳು ಇಂಥವೇ ಸಂಕೇತಗಳನ್ನು ಸುರಿಸುತ್ತವೆ. ಮುಪ್ಪಿನ ಈ ಮಂದ ಉರಿಯೂತಕ್ಕೆ ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ 'ಇನ್‌ಫ್ಲಮೇಜಿಂಗ್' ಎಂದು ಹೆಸರಿಟ್ಟರು.

ಡೈಕ್ಲೋಫೆನಾಕ್ ಆ ಕೊಬ್ಬನ್ನು ಕರಗಿಸುವುದಿಲ್ಲ, ಮುದಿ ಕಣಗಳನ್ನು ತೆಗೆಯುವುದಿಲ್ಲ. ಆದರೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸಬಲ್ಲದು, ಸಕ್ಕರೆ ಕಾಯಿಲೆಯವರಲ್ಲಿ ಆ ಅಪಾಯ ಇನ್ನೂ ಹೆಚ್ಚು. ಹಾಗೆಂದು ಉರಿಯೂತ ತಗ್ಗಿಸುವ ಚಿಕಿತ್ಸೆಯೇ ವ್ಯರ್ಥವೆಂದು ನಾನು ಹೇಳಲಾರೆ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಅಧ್ಯಯನದಲ್ಲಿ, ಹಿಂದೆ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರಲ್ಲಿ ಉರಿಯೂತದ ಸಂಕೇತವೊಂದನ್ನು ತಡೆಯುವ ಕೆನಕಿನುಮ್ಯಾಬ್ ಎಂಬ ಚುಚ್ಚುಮದ್ದು, ಕೊಲೆಸ್ಟರಾಲ್ ಇಳಿಸದೆಯೂ ಹೃದಯಾಘಾತದಂಥ ಘಟನೆಗಳನ್ನು ಕಡಿಮೆ ಮಾಡಿತು; ಜೊತೆಗೆ ಪ್ರಾಣಾಂತಿಕ ಸೋಂಕುಗಳು ಹೆಚ್ಚಿದವು, ಒಟ್ಟು ಸಾವುಗಳು ಇಳಿಯಲಿಲ್ಲ.

"ಹಂಗಾರ ಸಿಆರ್‌ಪಿ ಟೆಸ್ಟ್ ಮಾಡಸೂಣೇನ್ರಿ?" ಎನ್ನುವವರೂ ಇದ್ದಾರೆ. ಸಿಆರ್‌ಪಿ ಎಂದರೆ ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನು. ಸೂಕ್ಷ್ಮ ಪರೀಕ್ಷೆಯಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯದ ಅಪಾಯ ಕಡಿಮೆ, 3ನ್ನು ಮೀರಿದರೆ ಹೆಚ್ಚು ಎಂದು ಎಣಿಸುತ್ತೇವೆ. ಆದರೆ ಹಿಂದಿನ ವಾರದ ನೆಗಡಿಯೂ ಅದನ್ನು ಏರಿಸಬಲ್ಲದು, 10 ದಾಟಿದರೆ ಸೋಂಕನ್ನು ಹುಡುಕಬೇಕು. ನಾನು ಮೊದಲು ಟೇಪು ಹಿಡಿಯುತ್ತೇನೆ: ನಮ್ಮವರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿನೊಳಗೆ ಇರಬೇಕು. ಆಮೇಲೆ ಬಾಯಿ ತೆರೆಸಿ ವಸಡು ನೋಡುತ್ತೇನೆ, ವಸಡಿನ ರೋಗವೂ ಇಂಥ ಉರಿಯೂತದ ಒಂದು ನೆಲೆ.

ಮಾಸ್ತರರ ಸೊಂಟ 102, ವಸಡಿನಲ್ಲಿ ಕೀವು. ವಸಡಿನ ರೋಗಕ್ಕೆ ಚಿಕಿತ್ಸೆ ಕೊಟ್ಟರೆ ಸಕ್ಕರೆಯೂ ತುಸು ಇಳಿಯುತ್ತದೆಂದು ಹೇಳಿ ದಂತವೈದ್ಯರಿಗೆ ಚೀಟಿ ಬರೆದಾಗ, "ಸಕ್ಕರಿ ತೋರ್ಸಾಕ ಬಂದ್ರ ಹಲ್ಲಿನ ಡಾಕ್ಟರ್ ಕಡೆ ಕಳಸ್ತೀರಲ್ರಿ" ಎಂದು ಬೇಸರಪಟ್ಟುಕೊಂಡೇ ಹೋದರು. ಗುಳಿಗೆ ನಿಲ್ಲಿಸಿ ಸಂಕ್ರಾಂತಿ ಕಳೆದು ಬಂದಾಗ ಕ್ರಿಯಾಟಿನಿನ್ 1.3ಕ್ಕೆ ಇಳಿದಿತ್ತು, ಸೊಂಟ ಮಾತ್ರ 101ರಲ್ಲೇ ಇತ್ತು.