ಅಲ್ಟ್ರಾ ಎಂದರೆ ‘ಬಹಳ’ ಅಲ್ಲ, ‘ಆಚೆ’

ನಮ್ಮ ಕ್ಲಿನಿಕ್‌ನಲ್ಲಿ ಫೋನ್ ಎತ್ತುವ ಅಕ್ಕ ಪುಸ್ತಕದಲ್ಲಿ ಹೀಗೆ ಬರೆದಿಟ್ಟಿದ್ದರು: ‘ಬದಿಯಡ್ಕದ ಹುಡುಗ, ಮೊಣಕಾಲು, ಅಲ್ಟ್ರಾ.’ ಹುಡುಗ ಬಂದು ಮಂಚದ ಮೇಲೆ ಕುಳಿತದ್ದೇ ತಡ, ಅವರು ಅಲ್ಟ್ರಾಸೌಂಡ್ ಯಂತ್ರವನ್ನು ತಳ್ಳಿಕೊಂಡು ಬಂದು ಜೆಲ್ ಬಾಟಲಿಯನ್ನು ನನ್ನ ಕೈಗಿತ್ತರು. ಆತನಿಗೆ ಗಾಬರಿ. ‘ಮೇಡಂ, ಯಂತ್ರವಲ್ಲ. ಅಲ್ಟ್ರಾಕ್ಕೆ ಇನ್ನು ಐದೇ ವಾರ ಇದೆ, ಅಷ್ಟರಲ್ಲಿ ಕಾಲು ಸರಿಯಾಗಬೇಕು’ ಎಂದ.

ನಕ್ಕೆವು. ಆದರೆ ಅಕ್ಕನ ಅಲ್ಟ್ರಾಕ್ಕೂ ಹುಡುಗನ ಅಲ್ಟ್ರಾಕ್ಕೂ ಮೂಲ ಒಂದೇ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ‘ಆಚೆ’ ಎಂದರ್ಥ. ಮನುಷ್ಯನ ಕಿವಿಗೆ ಕೇಳುವ 20,000 ಹರ್ಟ್ಸ್‌ನ ಆಚೆಗಿನ ಸದ್ದು ಅಲ್ಟ್ರಾಸೌಂಡ್, 42.195 ಕಿ.ಮೀ. ಮ್ಯಾರಥಾನ್‌ನ ಆಚೆಗಿನ ಓಟ ಅಲ್ಟ್ರಾ ಮ್ಯಾರಥಾನ್. ಶಾಲೆಯಲ್ಲಿ ಅಲ್ಟ್ರಾವಯಲೆಟ್ ಕಿರಣಕ್ಕೆ ಒಂದು ಪುಸ್ತಕ ‘ಅತಿನೇರಳೆ’ ಎಂದರೆ ಇನ್ನೊಂದು ‘ನೇರಳಾತೀತ’ ಎನ್ನುತ್ತಿತ್ತು. ನನಗೆ ಎರಡನೆಯದೇ ಇಷ್ಟ. ‘ಅತಿ’ ಕೇಳಿದವರು ಬಹಳ ಗಾಢವಾದ ನೇರಳೆ ಎಂದುಕೊಳ್ಳುತ್ತಾರೆ. ‘ಅತೀತ’ ಕೇಳಿದವರಿಗೆ ಗಡಿ ದಾಟಿದ್ದು ಗೊತ್ತಾಗುತ್ತದೆ. ಹಾಗೆಂದು ಮ್ಯಾರಥಾನಾತೀತ ಎಂದು ಬರೆಯಿರಿ ಎನ್ನಲಾರೆ, ನಾಲಿಗೆಗೂ ಉಳುಕು ಬಂದೀತು.

ಈ ಪದಪಂಚಾಯಿತಿ ಯಾಕೆಂದರೆ, ಹುಡುಗ ತಂದಿದ್ದ ಓಟದ ಅರ್ಜಿಯಲ್ಲಿ ‘ಈ ಹಿಂದೆ ಮುಗಿಸಿದ ಅಲ್ಟ್ರಾಗಳು’ ಎಂಬ ಸಾಲಿನ ಎದುರು ‘1’ ಎಂದಿತ್ತು. ಯಾವುದೆಂದು ವಿಚಾರಿಸಿದರೆ, ಮಟಮಟ ಮಧ್ಯಾಹ್ನ ಗುಡ್ಡ ಹತ್ತಿಳಿದು ಓಡಿದ 21 ಕಿ.ಮೀ. ‘ಜೀವ ಹೋಗುವಷ್ಟು ಕಷ್ಟವಾಗಿತ್ತು ಮೇಡಂ, ಅದು ಅಲ್ಟ್ರಾ ಅಲ್ಲವೇ?’ ಅಲ್ಲ. ಕಷ್ಟ ಎಷ್ಟೇ ಇರಲಿ, ಅಲ್ಲ. ತಪ್ಪು ಅವನೊಬ್ಬನದೂ ಅಲ್ಲ. ಐದು ಕಿಲೋಮೀಟರಿನ ಜಾಗೃತಿ ಓಟಕ್ಕೂ ಮ್ಯಾರಥಾನ್ ಎಂದು ಬ್ಯಾನರ್ ಕಟ್ಟುತ್ತೇವೆ, ನಾಲ್ಕು ತಾಸಿನ ಸಭೆಗೆ ಮ್ಯಾರಥಾನ್ ಸಭೆ ಎನ್ನುತ್ತೇವೆ. ಅಳತೆಗೋಲೇ ಸಡಿಲವಾದರೆ ಅದರ ಆಚೆ ಯಾವುದೆಂದು ಹೇಳುವುದು ಹೇಗೆ?

ಗಡಿ ದಾಟಿದ ಮೇಲೆ ಮಾತ್ರ ಈ ಪದ ಬಹಳ ಉದಾರಿ. 50 ಕಿ.ಮೀ. ಓಟವೂ ಅಲ್ಟ್ರಾ, ಅಂದರೆ ಹೆಚ್ಚುಕಡಿಮೆ ಕಾಸರಗೋಡಿನಿಂದ ಮಂಗಳೂರು. 100 ಕಿ.ಮೀ., 100 ಮೈಲಿ, ಹಗಲಿರುಳು 24 ಗಂಟೆ ಓಡಿ ದೂರ ಲೆಕ್ಕ ಹಾಕುವುದು, ಎಲ್ಲವೂ ಅಲ್ಟ್ರಾ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಮ್ಯಾರಥಾನ್ ಹೆಸರಿನಲ್ಲಿ ಮ್ಯಾರಥಾನ್ ಇದ್ದರೂ ದೂರ ಸುಮಾರು 88 ಕಿ.ಮೀ.; ತಲಪಾಡಿಯಿಂದ ಕಾಲಿಕಡವಿನವರೆಗೆ ನಮ್ಮ ಕಾಸರಗೋಡು ಜಿಲ್ಲೆಯನ್ನು ಹೆದ್ದಾರಿಯಲ್ಲಿ ಉದ್ದಕ್ಕೆ ಅಳೆದಷ್ಟು. ತಮಾಷೆಯೆಂದರೆ ಅದು ಶುರುವಾದದ್ದು 1921ರಲ್ಲಿ, ಮ್ಯಾರಥಾನ್‌ನ ದೂರ 42.195 ಎಂದು ಅಧಿಕೃತವಾಗಿ ನಿಗದಿಯಾದ ವರ್ಷವೇ.

ನೂರು ಮೈಲಿಯ ಓಟದ ಹಿಂದೆ ಒಂದು ಕುದುರೆಯ ಕಥೆಯಿದೆ. ಕ್ಯಾಲಿಫೋರ್ನಿಯಾದ ಬೆಟ್ಟಸಾಲಿನಲ್ಲಿ ಒಂದೇ ದಿನದಲ್ಲಿ ನೂರು ಮೈಲಿ ಸವಾರಿ ಮಾಡುವ ಸ್ಪರ್ಧೆಯೊಂದಿತ್ತು. ಹಿಂದಿನ ವರ್ಷ ಕುದುರೆ ಕುಂಟಿ ಸ್ಪರ್ಧೆಯಿಂದ ಹೊರಬಿದ್ದಿದ್ದ ಗಾರ್ಡಿ ಐನ್ಸ್ಲೀ 1974ರಲ್ಲಿ ಕುದುರೆಗಳ ಜೊತೆ ಕಾಲ್ನಡಿಗೆಯಲ್ಲೇ ಹೊರಟು, 23 ಗಂಟೆ 42 ನಿಮಿಷಗಳಲ್ಲಿ ಗುರಿ ಮುಟ್ಟಿದ. ವೆಸ್ಟರ್ನ್ ಸ್ಟೇಟ್ಸ್ ಓಟ ಹುಟ್ಟಿದ್ದು ಹಾಗೆ. ಇಂದಿಗೂ ಅಲ್ಲಿ 24 ಗಂಟೆಯೊಳಗೆ ಮುಗಿಸಿದವರಿಗೆ ಬೆಳ್ಳಿಯ ಬೆಲ್ಟ್ ಬಕಲ್ ಕೊಡುತ್ತಾರೆ.

ಐರನ್‌ಮ್ಯಾನ್ ಕೂಡ ಅಲ್ಟ್ರಾವೇ ಎಂದು ಕೇಳುವವರಿದ್ದಾರೆ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ ಒಂದು ಪೂರ್ಣ ಮ್ಯಾರಥಾನ್. ಅದರ ವರ್ಗವೇ ಬೇರೆ, ಮೂರೂ ಸೇರಿದ ಟ್ರಯಥ್ಲಾನ್. ಅದನ್ನೂ ಮೀರಿದ ದೂರಕ್ಕೆ ಅಲ್ಟ್ರಾ ಟ್ರಯಥ್ಲಾನ್ ಎನ್ನುತ್ತಾರೆ. ಇಲ್ಲಿಯೂ ಪದದ ಕೆಲಸ ಅದೇ.

ಈ ಗೆರೆ ಬರೀ ಕಾಗದದ ಮೇಲಿನದಲ್ಲ, ದೇಹಕ್ಕೂ ಗೊತ್ತಿದೆ. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ಅನೇಕರಿಗೆ 30 ಕಿ.ಮೀ. ಆಸುಪಾಸಿನಲ್ಲಿ ಬರಿದಾಗುತ್ತ ಬರುತ್ತದೆ. ಮ್ಯಾರಥಾನ್ ಆದರೆ ಹಲ್ಲು ಕಚ್ಚಿ ಉಳಿದದ್ದನ್ನು ಮುಗಿಸಬಹುದು. ಅಲ್ಟ್ರಾದಲ್ಲಿ ಹಲ್ಲು ಕಚ್ಚಿದರೆ ಸಾಲದು, ಅಗಿಯಬೇಕು. ತಿನ್ನುತ್ತ ಓಡಲು ಹೊಟ್ಟೆಯನ್ನೂ ಪಳಗಿಸಬೇಕು. ಏರಿನಲ್ಲಿ ನಡೆಯಬೇಕು, ಅದರಲ್ಲಿ ಅವಮಾನವಿಲ್ಲ. ನೂರು ಮೈಲಿಯವರಿಗೆ ಇದರ ಮೇಲೆ ನಿದ್ದೆಯ ಕಾಟ ಬೇರೆ. ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಬೆಳಗಿನ ಜಾವ ಮೂರು ಗಂಟೆಯ ಆ ತೂಕಡಿಕೆ ಗೊತ್ತು. ವೇಷ ಕಟ್ಟಿದವರು ಆ ಹೊತ್ತಿಗೂ ಕುಣಿಯುತ್ತಿರುತ್ತಾರೆ, ಅವರನ್ನು ಯಾರೂ ಅಲ್ಟ್ರಾ ಎಂದದ್ದಿಲ್ಲ.

ನನಗೆ ಹೆಚ್ಚು ಭಯ ನೀರಿನದು. ನಮ್ಮ ಕರಾವಳಿಯ ಸೆಕೆಗೆ ಬೆವರು ಧಾರಾಕಾರ ಇಳಿಯುತ್ತದೆ, ‘ನೀರು ಕುಡಿ, ನೀರು ಕುಡಿ’ ಎಂದು ಎಲ್ಲರೂ ಹೇಳುತ್ತಾರೆ. ಬಾಯಾರಿಕೆಯಿಲ್ಲದೆಯೂ ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ತಲೆನೋವು, ವಾಂತಿ, ತಡವರಿಸುವ ಮಾತು, ಮುಂದೆ ಪ್ರಾಣಕ್ಕೇ ಸಂಚಕಾರ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷಿಸಿದ 488 ಮಂದಿಯಲ್ಲಿ ಶೇ. 13ರಷ್ಟು ಜನರಿಗೆ ಸೋಡಿಯಂ ಕಡಿಮೆಯಿತ್ತು. ಓಡಿ ಬಂದವರ ತೂಕ ಹೊರಟಾಗಿನದಕ್ಕಿಂತ ಹೆಚ್ಚಿದ್ದರೆ ನಾನು ಎಚ್ಚರವಾಗುತ್ತೇನೆ. ಇನ್ನೊಂದು ಲಕ್ಷಣ ಮೂತ್ರದ ಬಣ್ಣ. ಕಟ್ಟಂಚಾಯದಂತೆ, ಅಂದರೆ ಹಾಲು ಹಾಕದ ಚಹಾದಂತೆ, ಕಂದಾಗಿದ್ದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ ಎಂದಿರಬಹುದು. ಆಗ ನನ್ನ ಬಳಿಗಲ್ಲ, ನೇರ ಆಸ್ಪತ್ರೆಗೆ ಹೋಗಬೇಕು. ಓಟದ ನಡುವೆ ನೋವಿನ ಮಾತ್ರೆ ನುಂಗುವ ಅಭ್ಯಾಸ ಇದಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ.

ಹುಡುಗನ ಮೊಣಕಾಲಿನ ಹೊರಬದಿಯನ್ನು ಹೆಬ್ಬೆರಳಿನಿಂದ ಒತ್ತಿ, ಕಾಲನ್ನು ನಿಧಾನ ಬಿಡಿಸಲು ಹೇಳಿದೆ. ಅರ್ಧ ದಾರಿಯಲ್ಲೇ ಮುಖ ಕಿವುಚಿದ. ಮೆಟ್ಟಿಲು ಹತ್ತುವಾಗ ತೊಂದರೆಯಿಲ್ಲ, ಇಳಿಯುವಾಗ ಚುಚ್ಚುತ್ತದೆ. ಸೊಂಟದಿಂದ ಇಳಿದು ಬರುವ ಪಟ್ಟಿ ಮೊಣಗಂಟಿನ ಬಳಿ ಕೆರಳಿತ್ತು. ವಾರಕ್ಕೆ 25 ಕಿ.ಮೀ. ಓಡುತ್ತಿದ್ದವನು ಎರಡೇ ವಾರದಲ್ಲಿ 60ಕ್ಕೆ ಏರಿಸಿದ್ದ. ಐದು ವಾರದಲ್ಲಿ ನೋವು ತಗ್ಗಬಹುದು, 50 ಕಿ.ಮೀ.ಗೆ ಕಾಲು ಸಿದ್ಧವಾಗದು ಎಂದೆ. ಸ್ವಲ್ಪ ಹೊತ್ತು ಅರ್ಜಿಯನ್ನೇ ನೋಡುತ್ತಿದ್ದು, ಪೆನ್ನು ಕೇಳಿ ಪಡೆದು ‘1’ನ್ನು ಹೊಡೆದು ಸೊನ್ನೆ ಬರೆದ. ಮಡಚಿ ಕಿಸೆಗೆ ಹಾಕಿಕೊಂಡ, ಮುಂದಿನ ವರ್ಷಕ್ಕಂತೆ.

ಅಕ್ಕ ಈಗ ಫೋನಿನಲ್ಲಿ ಯಾರು ಅಲ್ಟ್ರಾ ಎಂದರೂ ಮೊದಲು ಕೇಳುವುದು: ‘ಓಟದ್ದೋ, ಯಂತ್ರದ್ದೋ?’